ವರ್ಸೇಲ್ಸ್ ಒಪ್ಪಂದವೇ ಹಿಟ್ಲರನನ್ನು ತಂದಿತೇ? ಯುರೋಪಿನ ಮಹಾಯುದ್ಧಗಳ ಕಾರಣ ಮತ್ತು ಪರಿಣಾಮಗಳ ಕುರಿತು ಚರ್ಚೆ

ಶಿಕ್ಷಕಿ, ಹಾಸನ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಲ ಮಹಾಯುದ್ಧದ ಕಾರಣಗಳನ್ನು ನಮ್ಮ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ: ರಹಸ್ಯ ಒಪ್ಪಂದಗಳು, ಸೈನಿಕವಾದ, ಸಾಮ್ರಾಜ್ಯಶಾಹಿ ಪೈಪೋಟಿ, ಉಗ್ರ ರಾಷ್ಟ್ರೀಯತೆ, ಕೊನೆಗೆ ತಕ್ಷಣದ ಕಾರಣವಾಗಿ ಸರಾಯೆವೊ ಹತ್ಯೆ. ಎರಡನೆಯ ಮಹಾಯುದ್ಧಕ್ಕೆ ಬಂದರೆ, ಮೊದಲ ಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಗೆದ್ದವರು ಹೇರಿದ ವರ್ಸೇಲ್ಸ್ ಒಪ್ಪಂದದ ಅವಮಾನವೇ ಮೊದಲ ಅಂಶ. ಈ ವರ್ಷ ಒಬ್ಬ ಹುಡುಗಿ ಎದ್ದು ನಿಂತು, ಒಪ್ಪಂದಗಳೂ ಸೈನ್ಯಗಳೂ ಮೂವತ್ತು ವರ್ಷಗಳಿಂದ ಇದ್ದವಲ್ಲ, ಹಾಗಾದರೆ ಯುದ್ಧ 1908ರಲ್ಲೋ 1912ರಲ್ಲೋ ಏಕೆ ಆಗಲಿಲ್ಲ ಎಂದು ಕೇಳಿದಳು. ವರ್ಸೇಲ್ಸ್ ಅಷ್ಟು ದೊಡ್ಡ ಗಾಯವಾಗಿದ್ದರೆ ಅದು ಇಪ್ಪತ್ತು ವರ್ಷ ಕಳೆದ ಮೇಲೆ ಏಕೆ ಕೀವಾಯಿತು ಎಂಬುದು ಅವಳ ಎರಡನೆಯ ಪ್ರಶ್ನೆ. ಪಠ್ಯಪುಸ್ತಕದ ಪಟ್ಟಿಯಿಂದ ಇವೆರಡಕ್ಕೂ ಉತ್ತರ ಸಿಗುವುದಿಲ್ಲ. ಈ ಕಾಲವನ್ನು ಆಳವಾಗಿ ಓದಿಕೊಂಡವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ ನಕ್ಷೆ

ಮೇಡಂ, ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದಾಳೆ. ಪಟ್ಟಿಯಲ್ಲಿರುವ ನಾಲ್ಕೂ ಅಂಶಗಳು ಯುದ್ಧ ಏಕೆ ಸಾಧ್ಯವಿತ್ತು ಎಂಬುದನ್ನು ಹೇಳುತ್ತವೆಯೇ ಹೊರತು ಅದು ಏಕೆ ನಡೆಯಿತು ಎಂಬುದನ್ನು ಹೇಳುವುದಿಲ್ಲ. 1908ರಲ್ಲಿ ಆಸ್ಟ್ರಿಯಾ-ಹಂಗೆರಿಯು ಬೋಸ್ನಿಯಾವನ್ನು ತನ್ನೊಳಗೆ ಸೇರಿಸಿಕೊಂಡಾಗ, 1911ರಲ್ಲಿ ಮೊರಾಕೊದ ಅಗಾದಿರ್ ಬಂದರಿಗೆ ಜರ್ಮನಿ ಯುದ್ಧನೌಕೆ ಕಳುಹಿಸಿದಾಗ, 1912 ಮತ್ತು 1913ರ ಬಾಲ್ಕನ್ ಯುದ್ಧಗಳಲ್ಲಿ ಇದೇ ಒಪ್ಪಂದಗಳು, ಇದೇ ಸೈನ್ಯಗಳು, ಇದೇ ರಾಷ್ಟ್ರೀಯತೆ ಇದ್ದವು. ಪ್ರತಿ ಸಲವೂ ಯಾರೋ ಒಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. 1914ರಲ್ಲಿ ಯಾರೂ ಸರಿಯಲಿಲ್ಲ.

ದಿನಗಳನ್ನು ಒಂದೊಂದಾಗಿ ನೋಡೋಣ. ಜೂನ್ 28ರಂದು ಸರಾಯೆವೊದಲ್ಲಿ ಹತ್ತೊಂಬತ್ತು ವರ್ಷದ ಸರ್ಬ್ ರಾಷ್ಟ್ರೀಯವಾದಿ ಗ್ಯಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಮತ್ತು ಆತನ ಪತ್ನಿ ಸೋಫಿಯನ್ನು ಕೊಂದ. ಇದಾಗಿ ಸುಮಾರು ನಾಲ್ಕು ವಾರ ಯುರೋಪಿನಲ್ಲಿ ಮೇಲ್ನೋಟಕ್ಕೆ ಏನೂ ಘಟಿಸಲಿಲ್ಲ. ಆದರೆ ಜುಲೈ 5ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಆಸ್ಟ್ರಿಯಾದ ರಾಯಭಾರಿಯೊಂದಿಗೆ ಮಧ್ಯಾಹ್ನದ ಊಟ ಮಾಡಿದ ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೆಯ ವಿಲ್ಹೆಲ್ಮ್, ಆಸ್ಟ್ರಿಯಾ ಏನೇ ಮಾಡಿದರೂ ಜರ್ಮನಿ ಬೆನ್ನಿಗಿದೆ ಎಂಬ ಭರವಸೆಯನ್ನು ಯಾವ ಷರತ್ತೂ ಇಲ್ಲದೆ ಕೊಟ್ಟುಬಿಟ್ಟ. ಜುಲೈ 23ರಂದು ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆಗಳ ಗಡುವು ಹಾಕಿ ಬೇಡಿಕೆಗಳನ್ನು ಮುಂದಿಟ್ಟಿತು. ಸರ್ಬಿಯಾ ಬಹುತೇಕ ಎಲ್ಲವನ್ನೂ ಒಪ್ಪಿಕೊಂಡು, ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳೇ ತನಿಖೆಯಲ್ಲಿ ಭಾಗವಹಿಸುವುದನ್ನು ಮಾತ್ರ ಸ್ಪಷ್ಟವಾಗಿ ತಿರಸ್ಕರಿಸಿತು. ಆ ಉತ್ತರವನ್ನು ಜುಲೈ 28ರ ಬೆಳಿಗ್ಗೆ ಓದಿದ ಕೈಸರನೇ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು.

ಸರ್ಬಿಯಾದ ಬೆನ್ನಿಗೆ ರಷ್ಯಾ ನಿಂತಿತ್ತು. ಮರುದಿನ ಸಂಜೆ ರಷ್ಯಾದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನ ಕೇಂದ್ರ ತಂತಿ ಕಚೇರಿಯಲ್ಲಿ ನಡೆದದ್ದನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಿ. ಇಡೀ ರಷ್ಯಾದ ಸೈನ್ಯ ಜಮಾವಣೆಗೆ ಝಾರ್ ಎರಡನೆಯ ನಿಕೋಲಸ್ ಸಹಿ ಹಾಕಿದ್ದ ಆದೇಶವನ್ನು ಕೈಯಲ್ಲಿ ಹಿಡಿದು ಒಬ್ಬ ಜನರಲ್ ಅಲ್ಲಿಗೆ ಬಂದಿದ್ದ, ಯಂತ್ರಗಳು ಸಿದ್ಧವಾಗಿದ್ದವು. ಅಷ್ಟರಲ್ಲಿ ಕೈಸರನಿಂದ ತಂತಿ ಬಂದ ಕಾರಣ ಝಾರ್ ಮನಸ್ಸು ಬದಲಿಸಿದ್ದಾನೆ, ನಿಲ್ಲಿಸಿ ಎಂದು ದೂರವಾಣಿ ಕರೆ ಬಂತು. ಜುಲೈ 30ರ ಮಧ್ಯಾಹ್ನ ವಿದೇಶಾಂಗ ಸಚಿವ ಸಜೋನೊವ್ ಒತ್ತಾಯಿಸಿದ ಮೇಲೆ ಝಾರ್ ಮತ್ತೆ ಒಪ್ಪಿದ, ಈ ಬಾರಿ ತಂತಿಗಳು ಹೊರಟೇಹೋದವು. ಒಂದು ರಾತ್ರಿ ತಡೆದು ನಿಂತದ್ದು ಇನ್ನೂ ಒಂದು ವಾರ ನಿಲ್ಲಬಹುದಿತ್ತು ಎಂದೇ ನಾನು ನಂಬುತ್ತೇನೆ.

ಇಲ್ಲಿಂದ ಮುಂದೆ ರೈಲಿನ ವೇಳಾಪಟ್ಟಿಯ ಆಡಳಿತ. ರಷ್ಯಾ ಪೂರ್ತಿ ಸಜ್ಜಾಗುವ ಮೊದಲು ಆರು ವಾರಗಳಲ್ಲಿ ಅದರ ಮಿತ್ರ ಫ್ರಾನ್ಸನ್ನು ಮಣಿಸಬೇಕೆಂಬುದು ಜರ್ಮನಿಯ ಏಕೈಕ ಯುದ್ಧಯೋಜನೆಯಾಗಿತ್ತು, ಮತ್ತು ಅದರ ದಾರಿ ಬೆಲ್ಜಿಯಂ ಮೂಲಕ ಹಾದುಹೋಗುತ್ತಿತ್ತು. ಆಗಸ್ಟ್ 1ರಂದು ಕೈಸರ್, ಸೈನ್ಯವನ್ನು ಪೂರ್ವಕ್ಕೆ ಮಾತ್ರ ತಿರುಗಿಸಲಾಗದೇ ಎಂದು ಕೇಳಿದಾಗ ಸೇನಾ ಮುಖ್ಯಸ್ಥ ಮೋಲ್ಟ್ಕೆ ಅದು ಅಸಾಧ್ಯವೆಂದು ಹೇಳಿಬಿಟ್ಟ. ಬೆಲ್ಜಿಯಂನ ತಟಸ್ಥತೆಗೆ 1839ರಲ್ಲೇ ಖಾತರಿ ನೀಡಿದ್ದ ಬ್ರಿಟನ್ ಆಗಸ್ಟ್ 4ರಂದು ಯುದ್ಧಕ್ಕಿಳಿಯಿತು.

ಕಾವೇರಿತೀರ

ವಿವರಗಳಿಗೆ ಧನ್ಯವಾದಗಳು ಸರ್, ಆದರೆ ಒಂದು ಆಕ್ಷೇಪವಿದೆ. ಎಲ್ಲವನ್ನೂ ಆರೇಳು ಜನರ ನಿರ್ಧಾರಕ್ಕೆ ಇಳಿಸಿದರೆ ಸಾಮ್ರಾಜ್ಯಶಾಹಿ ವ್ಯವಸ್ಥೆ ಹೊಣೆಯಿಂದ ತಪ್ಪಿಸಿಕೊಳ್ಳುವುದಿಲ್ಲವೇ? ಆಫ್ರಿಕ ಮತ್ತು ಏಷ್ಯಾಗಳನ್ನು ಹಂಚಿಕೊಂಡು ತಿಂದವರು ಕೊನೆಗೆ ತಮ್ಮತಮ್ಮಲ್ಲೇ ಕಾದಾಡಿದರು ಎಂದೇ ನಾವು ಓದಿದ್ದು, ಆ ಮಾತಿನಲ್ಲಿ ಸತ್ಯವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಳೆಯ ನಕ್ಷೆ

ಸಾಮ್ರಾಜ್ಯಶಾಹಿಯ ಪಾಪಗಳನ್ನು ತೊಳೆಯುವ ಉದ್ದೇಶ ನನಗಿಲ್ಲ. ಆದರೆ ವಸಾಹತುಗಳಿಗಾಗಿ ಅತಿ ಹೆಚ್ಚು ಜಗಳವಾಡಿದವರು ಯಾರೆಂದು ನೋಡಿ. 1898ರಲ್ಲಿ ಸೂಡಾನಿನ ಫಶೋಡಾದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧದ ಅಂಚಿಗೆ ಹೋಗಿದ್ದವು. ಪರ್ಷಿಯಾ ಮತ್ತು ಅಫ್ಘಾನಿಸ್ತಾನಗಳಿಗಾಗಿ ಬ್ರಿಟನ್ ಮತ್ತು ರಷ್ಯಾಗಳ ನಡುವೆ ದಶಕಗಳ ಹಗೆತನವಿತ್ತು. 1914ರಲ್ಲಿ ಈ ಮೂವರೂ ಒಂದೇ ಪಾಳಯದಲ್ಲಿದ್ದರು. ಬಾಗ್ದಾದ್ ರೈಲುಮಾರ್ಗದ ವಿಷಯದಲ್ಲಿ ಬ್ರಿಟನ್ ಮತ್ತು ಜರ್ಮನಿ ಆ ವರ್ಷದ ಜೂನ್‌ನಲ್ಲಷ್ಟೇ ರಾಜಿಗೆ ಬಂದಿದ್ದವು. ಬಾಲ್ಕನ್ನಿನ ಒಂದು ಜಗಳ ಹೇಗೆ ಲೋಕದ ಯುದ್ಧವಾಗಿ ಬೆಳೆಯಿತು, ಪಂಜಾಬಿನ ಮತ್ತು ಗಢವಾಲದ ರೈತರ ಮಕ್ಕಳು 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್‌ಶಪೆಲ್‌ನಲ್ಲಿ ಏಕೆ ಸತ್ತರು ಎಂಬ ಪ್ರಶ್ನೆಗಳಿಗೆ ಸಾಮ್ರಾಜ್ಯಶಾಹಿಯೇ ಉತ್ತರ. ಯುದ್ಧ ಏಕೆ ಆರಂಭವಾಯಿತು ಎಂಬ ಪ್ರಶ್ನೆಗೆ ಅದು ದುರ್ಬಲ ಉತ್ತರ.

ಲೆಕ್ಕದ ಪುಸ್ತಕ

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಾನು ಅರ್ಥಶಾಸ್ತ್ರದ ಕಡೆಯಿಂದ ಈ ವಿಷಯವನ್ನು ಓದಿದವನು. ವರ್ಸೇಲ್ಸ್ ಒಪ್ಪಂದವನ್ನು ಪೂರ್ತಿಯಾಗಿ ಆರೋಪಮುಕ್ತಗೊಳಿಸುವ ಇತ್ತೀಚಿನ ಒಲವು ನನಗೆ ಒಪ್ಪಿಗೆಯಿಲ್ಲ.

1921ರಲ್ಲಿ ಜರ್ಮನಿಯ ಮೇಲೆ ಹೇರಿದ ಪರಿಹಾರಧನ 13,200 ಕೋಟಿ ಚಿನ್ನದ ಮಾರ್ಕ್ ಎಂಬ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಮೊತ್ತವನ್ನು ಎ, ಬಿ, ಸಿ ಎಂಬ ಮೂರು ಬಗೆಯ ಸಾಲಪತ್ರಗಳಾಗಿ ವಿಂಗಡಿಸಲಾಗಿತ್ತು, ಮತ್ತು ಅದರಲ್ಲಿ 8,200 ಕೋಟಿಯ ಸಿ ಪತ್ರಗಳನ್ನು ವಸೂಲು ಮಾಡುವ ನಂಬಿಕೆ ಅವುಗಳನ್ನು ಬರೆದವರಿಗೇ ಇರಲಿಲ್ಲ. ತಮ್ಮ ದೇಶದ ಮತದಾರರಿಗೆ ದೊಡ್ಡ ಅಂಕಿ ತೋರಿಸಬೇಕಾಗಿದ್ದ ಕಾರಣ ಅವು ಕಾಗದದ ಮೇಲೆ ಉಳಿದವು. ನಿಜವಾದ ಹೊರೆ 5,000 ಕೋಟಿ, ಕೊನೆಗೆ ಜರ್ಮನಿ ಕೊಟ್ಟದ್ದು ಸುಮಾರು 2,000 ಕೋಟಿ. ಇಷ್ಟರ ಮಟ್ಟಿಗೆ ಒಪ್ಪಂದದ ಪರವಾಗಿ ಮಾತನಾಡುವವರ ವಾದ ಸರಿಯಿದೆ.

ಆದರೆ ಹಣ ಹರಿದ ದಾರಿಯನ್ನು ಗಮನಿಸಬೇಕು. 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯಗಳು ಬಾಕಿ ವಸೂಲಿಗೆಂದು ಜರ್ಮನಿಯ ಕಲ್ಲಿದ್ದಲು ನಾಡಾದ ರೂರ್ ಪ್ರದೇಶಕ್ಕೆ ನುಗ್ಗಿದವು. ಅಲ್ಲಿಯ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಜರ್ಮನ್ ಸರ್ಕಾರ ನೋಟು ಮುದ್ರಿಸಿ ಅವರಿಗೆ ಕೂಲಿ ಕೊಟ್ಟಿತು, ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿ ಮಧ್ಯಮವರ್ಗದ ಉಳಿತಾಯವೆಲ್ಲ ಸುಟ್ಟುಹೋಯಿತು. ಪರಿಹಾರಧನದ ಕಂತುಗಳನ್ನು ಸಡಿಲಿಸಿದ 1924ರ ಡಾವ್ಸ್ ಯೋಜನೆಯ ನಂತರ ಅಮೆರಿಕದ ಸಾಲ ಜರ್ಮನಿಗೆ, ಜರ್ಮನಿಯ ಪರಿಹಾರಧನ ಫ್ರಾನ್ಸ್ ಮತ್ತು ಬ್ರಿಟನ್ನಿಗೆ, ಅವರ ಯುದ್ಧಸಾಲದ ಕಂತು ಮರಳಿ ಅಮೆರಿಕಕ್ಕೆ ಹೋಗುವ ಚಕ್ರ ಸುತ್ತತೊಡಗಿತು. 1929ರಲ್ಲಿ ನ್ಯೂಯಾರ್ಕ್ ಶೇರುಪೇಟೆ ಕುಸಿದಾಗ ಈ ಚಕ್ರ ನಿಂತಿತು, ಅದರ ಅತಿ ದೊಡ್ಡ ಪೆಟ್ಟು ಜರ್ಮನಿಗೆ ಬಿತ್ತು. ಪ್ರಧಾನಿ ಬ್ರೂನಿಂಗ್ ಸಂಬಳ ಮತ್ತು ನಿರುದ್ಯೋಗ ಭತ್ಯೆಗಳನ್ನು ಕಡಿತಗೊಳಿಸಿದ್ದಕ್ಕೆ 1923ರ ಹಣದುಬ್ಬರದ ಭಯ ಒಂದು ಕಾರಣವಾದರೆ, ಪರಿಹಾರಧನ ಕೊಡಲು ಸಾಧ್ಯವೇ ಇಲ್ಲವೆಂದು ಲೋಕಕ್ಕೆ ತೋರಿಸುವುದು ಇನ್ನೊಂದು ಲೆಕ್ಕಾಚಾರವಾಗಿತ್ತು. 1932ರ ಆರಂಭಕ್ಕೆ ನಿರುದ್ಯೋಗಿಗಳು 60 ಲಕ್ಷ. ಇದರಲ್ಲಿ ವರ್ಸೇಲ್ಸ್‌ನ ಪಾಲಿಲ್ಲವೆಂದು ಹೇಗೆ ಹೇಳುವುದು?

ಹಳೆಯ ನಕ್ಷೆ

ಪಾಲಿದೆ ಎಂದು ಒಪ್ಪುತ್ತೇನೆ. ಆದರೆ ಅದು ಯಾವ ಬಗೆಯ ಪಾಲು ಎಂಬುದನ್ನು ಮತಗಳ ಲೆಕ್ಕ ತೋರಿಸುತ್ತದೆ. ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಅದಾಗಿ ಒಂಬತ್ತು ವರ್ಷಗಳ ನಂತರ, 1928ರ ಮೇ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದ ಮತ ಶೇ 2.6. ಅವಮಾನದ ನೆನಪು ಹಸಿಯಾಗಿದ್ದಾಗ ಜರ್ಮನರು ಹಿಟ್ಲರನನ್ನು ಕಡೆಗಣಿಸಿದರು. 1930ರ ಸೆಪ್ಟೆಂಬರಿನಲ್ಲಿ ಶೇ 18.3, 1932ರ ಜುಲೈನಲ್ಲಿ ಶೇ 37ಕ್ಕೂ ಹೆಚ್ಚು. ನಡುವೆ ಬದಲಾದದ್ದು ಒಪ್ಪಂದವಲ್ಲ, ಹೊಟ್ಟೆಪಾಡು. ಒಪ್ಪಂದ ಆ ಹೊತ್ತಿಗೆ ಸಡಿಲವಾಗುತ್ತಲೇ ಇತ್ತು: ಜರ್ಮನಿಯ ಪಶ್ಚಿಮದ ರೈನ್‌ಲ್ಯಾಂಡಿನಿಂದ ಗೆದ್ದ ಮಿತ್ರರಾಷ್ಟ್ರಗಳ ಸೈನ್ಯಗಳು 1930ರಲ್ಲೇ ಹೊರಟಿದ್ದವು, 1932ರ ಲೋಸಾನ್ ಸಮ್ಮೇಳನದಲ್ಲಿ ಪರಿಹಾರಧನ ಬಹುಮಟ್ಟಿಗೆ ರದ್ದಾಗಿತ್ತು.

ಇನ್ನೂ ಮುಖ್ಯವಾದ ಸಂಗತಿಯೆಂದರೆ 1932ರ ನವೆಂಬರಿನ ಚುನಾವಣೆಯಲ್ಲಿ ನಾಜಿಗಳ ಮತ ಶೇ 33.1ಕ್ಕೆ ಇಳಿದಿತ್ತು, ಅವರ 34 ಸ್ಥಾನಗಳು ಕೈಬಿಟ್ಟಿದ್ದವು. ಆ ಪಕ್ಷ ಇಳಿಮುಖವಾಗಿದ್ದಾಗ, 1933ರ ಜನವರಿ 30ರಂದು, ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗ್ ಅದರ ನಾಯಕನಿಗೆ ಪ್ರಧಾನಿ ಪಟ್ಟ ಕಟ್ಟಿದರು. ಸಂಪುಟದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳಿರುತ್ತಾರೆ, ಉಳಿದ ನಾವು ಆತನನ್ನು ಹತೋಟಿಯಲ್ಲಿಡುತ್ತೇವೆ ಎಂದು ಮಾಜಿ ಪ್ರಧಾನಿ ಫ್ರಾನ್ಜ್ ಫಾನ್ ಪಾಪೆನ್ ಹಿಂಡೆನ್‌ಬರ್ಗರನ್ನು ಒಪ್ಪಿಸಿದ್ದ. ಎರಡು ತಿಂಗಳೊಳಗೆ, ಮಾರ್ಚ್ 23ರಂದು, ಸಂಸತ್ತು ತನ್ನ ಶಾಸನಾಧಿಕಾರವನ್ನೇ ಹಿಟ್ಲರನ ಸರ್ಕಾರಕ್ಕೆ ಬರೆದುಕೊಟ್ಟಿತು. ವಿರುದ್ಧ ಮತ ಹಾಕಿದವರು ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದ 94 ಸದಸ್ಯರು ಮಾತ್ರ. ಅವರು ಸಭಾಂಗಣದೊಳಗೆ ನಿಂತಿದ್ದ ನಾಜಿ ಪಡೆಗಳ ಕಣ್ಣೆದುರಿಗೇ ಮತ ಹಾಕಿದರು. ನಮ್ಮ ತರಗತಿಗಳಲ್ಲಿ ಆ 94 ಜನರ ಪ್ರಸ್ತಾಪವೇ ಬರುವುದಿಲ್ಲವೆಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಇನ್ನೊಂದು ಹೋಲಿಕೆಯೂ ಅಗತ್ಯ. 1918ರ ಮಾರ್ಚ್‌ನಲ್ಲಿ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದ ಮೂಲಕ ಇದೇ ಜರ್ಮನಿ ರಷ್ಯಾದಿಂದ ಪೋಲೆಂಡ್, ಬಾಲ್ಟಿಕ್ ಪ್ರದೇಶ ಮತ್ತು ಉಕ್ರೇನ್‌ಗಳನ್ನು ಕಿತ್ತುಕೊಂಡಿತ್ತು. ಅದರ ಪಕ್ಕದಲ್ಲಿಟ್ಟರೆ, ಯುರೋಪಿನಲ್ಲಿದ್ದ ತನ್ನ ನೆಲದಲ್ಲಿ ಶೇ 13ರಷ್ಟನ್ನು ಜರ್ಮನಿ ಕಳೆದುಕೊಂಡ ವರ್ಸೇಲ್ಸ್ ಒಪ್ಪಂದ ಅಸಾಧಾರಣ ಕ್ರೌರ್ಯವಾಗಿ ಕಾಣುವುದಿಲ್ಲ.

ಲೆಕ್ಕದ ಪುಸ್ತಕ

ಮತಗಳ ಅಂಕಿ ನಿರ್ವಿವಾದ. ಆದರೂ ಬಿಕ್ಕಟ್ಟು ಬಂದಾಗ ಜನ ಯಾವ ಕಥೆಯನ್ನು ನಂಬಲು ಸಿದ್ಧರಾಗಿರುತ್ತಾರೆ ಎಂಬುದೂ ಮುಖ್ಯವಲ್ಲವೇ? ಅದೇ ಕಾಲದಲ್ಲಿ ಅಮೆರಿಕದಲ್ಲೂ ನಿರುದ್ಯೋಗ ಅಷ್ಟೇ ಭೀಕರವಾಗಿತ್ತು, ಅಲ್ಲಿ ಆಯ್ಕೆಯಾದದ್ದು ರೂಸ್‌ವೆಲ್ಟ್.

ರೈನ್ ದಡದಿಂದ

ಈ ಪ್ರಶ್ನೆಗೆ ಉತ್ತರ ಜರ್ಮನಿಯಲ್ಲಿ ಹಲವು ವರ್ಷಗಳಿಂದ ವಾಸಿಸುತ್ತಿರುವ ನನಗೆ ಹೀಗೆ ಕಾಣುತ್ತದೆ. ಆ ಕಥೆಯನ್ನು ಸಿದ್ಧಪಡಿಸಿದ್ದು ಒಪ್ಪಂದಕ್ಕಿಂತ ಹೆಚ್ಚಾಗಿ ಜರ್ಮನ್ ಸೇನಾಧಿಕಾರಿಗಳು. 1918ರ ಸೆಪ್ಟೆಂಬರ್ 29ರಂದು ಯುದ್ಧ ಸೋತಿದ್ದೇವೆ, ತಕ್ಷಣ ಕದನವಿರಾಮ ಕೇಳಿ ಎಂದು ಹೇಳಿದ್ದು ಜನರಲ್ ಲುಡೆನ್‌ಡಾರ್ಫ್. ಆದರೆ ನವೆಂಬರ್ 11ರಂದು ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲುಡಬ್ಬಿಯಲ್ಲಿ ಸಹಿ ಹಾಕಲು ಸೇನೆಯ ಮುಖ್ಯಸ್ಥರು ಹೋಗಲಿಲ್ಲ, ನಾಗರಿಕ ರಾಜಕಾರಣಿ ಮಥಿಯಾಸ್ ಎರ್ಝ್‌ಬರ್ಗರ್ ನಿಯೋಗದ ಮುಂದಾಳಾಗಿ ಹೋಗಬೇಕಾಯಿತು. ಆ ದಿನ ಜರ್ಮನ್ ಸೈನ್ಯ ಇನ್ನೂ ಬೆಲ್ಜಿಯಂನ ನೆಲದ ಮೇಲಿತ್ತು. ಬರ್ಲಿನ್ನಿನ ಸಾಮಾನ್ಯ ಮನುಷ್ಯ ಶತ್ರುಸೈನಿಕನೊಬ್ಬನನ್ನೂ ಕಣ್ಣಾರೆ ನೋಡಿರಲಿಲ್ಲ. ಒಂದು ವರ್ಷದ ನಂತರ, ಯುದ್ಧಕಾಲದಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಇದೇ ಹಿಂಡೆನ್‌ಬರ್ಗ್ ಸಂಸತ್ತಿನ ಸಮಿತಿಯ ಮುಂದೆ ನಿಂತು, ಸೈನ್ಯಕ್ಕೆ ಬೆನ್ನ ಹಿಂದಿನಿಂದ ಇರಿಯಲಾಯಿತು ಎಂಬರ್ಥದ ಹೇಳಿಕೆ ಕೊಟ್ಟರು. ಎರ್ಝ್‌ಬರ್ಗರ್ 1921ರ ಆಗಸ್ಟಿನಲ್ಲಿ ಬಲಪಂಥೀಯ ಹಂತಕರ ಗುಂಡಿಗೆ ಬಲಿಯಾದರು. ಈ ಸುಳ್ಳು ಇರದಿದ್ದರೆ ವರ್ಸೇಲ್ಸ್ ಸೋತ ದೇಶವೊಂದರ ಮೇಲಿನ ಕಠಿಣ ಒಪ್ಪಂದವಾಗಿ ಮಾತ್ರ ಉಳಿಯುತ್ತಿತ್ತು. ಸೋಲೇ ಆಗಿಲ್ಲವೆಂದು ನಂಬಿದವರಿಗೆ ಮಾತ್ರ ಅದು ದ್ರೋಹವಾಗಿ ಕಾಣಬಲ್ಲದು.

ಪರಿಣಾಮಗಳ ವಿಷಯ ಇಲ್ಲಿ ಇತಿಹಾಸದ ಪುಸ್ತಕದಲ್ಲಿ ಮಾತ್ರ ಇಲ್ಲ. ಕಟ್ಟಡದ ಪಾಯ ತೋಡುವಾಗ ಎರಡನೆಯ ಮಹಾಯುದ್ಧದ ಸಿಡಿಯದ ಬಾಂಬು ಸಿಕ್ಕಿದರೆ ಸುತ್ತಲಿನ ಬೀದಿಗಳನ್ನು ತೆರವು ಮಾಡಿಸುತ್ತಾರೆ, ವೃದ್ಧಾಶ್ರಮದವರನ್ನು ಆಂಬುಲೆನ್ಸ್‌ಗಳಲ್ಲಿ ಸಾಗಿಸುತ್ತಾರೆ, ರೈಲು ನಿಲ್ಲುತ್ತದೆ. ನನ್ನ ಮನೆಯ ಬೀದಿಯ ಪಾದಚಾರಿ ಮಾರ್ಗದಲ್ಲಿ ಅಂಗೈಯಗಲದ ಹಿತ್ತಾಳೆಯ ಫಲಕಗಳನ್ನು ಹುದುಗಿಸಿದ್ದಾರೆ. ಇಲ್ಲಿ ವಾಸವಿದ್ದರು ಎಂದು ಆರಂಭವಾಗಿ ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ದಿನ, ಕೊಂದ ಶಿಬಿರ ಇಷ್ಟನ್ನೇ ಅವು ಹೇಳುತ್ತವೆ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳ ಸಂಖ್ಯೆಯನ್ನು ಮನಸ್ಸು ಗ್ರಹಿಸಲಾರದು. ಆದರೆ ದಿನವೂ ತರಕಾರಿ ತರಲು ಹೋಗುವ ದಾರಿಯ ಒಂದೇ ಮನೆಯ ಮುಂದೆ ತಂದೆ, ತಾಯಿ ಮತ್ತು ಎರಡು ಮಕ್ಕಳ ನಾಲ್ಕು ಫಲಕಗಳಿದ್ದರೆ ಗ್ರಹಿಸುತ್ತದೆ.

ಗಡಿಗಳ ಓದುಗ

ಎಲ್ಲರೂ ಜರ್ಮನಿಯ ಸುತ್ತಲೇ ಮಾತನಾಡುತ್ತಿದ್ದೀರಿ. 1918ರಲ್ಲಿ ನಿಜವಾಗಿ ಕುಸಿದದ್ದು ಪೂರ್ವ ಯುರೋಪ್. ಆಸ್ಟ್ರಿಯಾ-ಹಂಗೆರಿ, ಆಟೊಮನ್, ರಷ್ಯಾ ಸಾಮ್ರಾಜ್ಯಗಳು ಒಡೆದಾಗ ಪ್ರತಿ ಜನಾಂಗಕ್ಕೂ ಒಂದು ದೇಶ ಎಂಬ ತತ್ವವನ್ನು, ಒಂದೇ ಪೇಟೆಯಲ್ಲಿ ನಾಲ್ಕು ಭಾಷೆಗಳು ನಡೆಯುತ್ತಿದ್ದ ಪ್ರದೇಶದ ಮೇಲೆ ಹೇರಿದರು. 1920ರ ಟ್ರಿಯನಾನ್ ಒಪ್ಪಂದದಲ್ಲಿ ಹಂಗೆರಿ ತನ್ನ ಮೂರನೇ ಎರಡರಷ್ಟು ನೆಲವನ್ನು ಕಳೆದುಕೊಂಡಿತು, ಸುಮಾರು 30 ಲಕ್ಷ ಹಂಗೆರಿಯನ್ನರು ಕುಳಿತಲ್ಲಿಯೇ ಪರದೇಶಿಗಳಾದರು. ಹೊಸ ಪೋಲೆಂಡಿನ ಪ್ರಜೆಗಳಲ್ಲಿ ಮೂರನೇ ಒಂದರಷ್ಟು ಜನ ಪೋಲಿಷರಲ್ಲ. ಗ್ರೀಸ್ ಮತ್ತು ಟರ್ಕಿಗಳು 1923ರಲ್ಲಿ ಧರ್ಮದ ಆಧಾರದ ಮೇಲೆ 15 ಲಕ್ಷಕ್ಕೂ ಹೆಚ್ಚು ಜನರನ್ನು ಅದಲುಬದಲು ಮಾಡಿಕೊಂಡವು, ಮತ್ತು ಅದನ್ನು ಯಶಸ್ವಿ ಪರಿಹಾರವೆಂದು ಆಗಿನ ರಾಜತಾಂತ್ರಿಕರು ಕರೆದರು. 1945ರ ನಂತರ ಸುಮಾರು 1.2 ಕೋಟಿ ಜರ್ಮನರನ್ನು ಪೂರ್ವ ಯುರೋಪಿನಿಂದ ಹೊರಗಟ್ಟಿದ್ದು ಅದೇ ತರ್ಕದ ಮುಂದುವರಿಕೆ.

ಎರಡನೆಯ ಮಹಾಯುದ್ಧದಲ್ಲಿ ಸತ್ತವರ ಲೆಕ್ಕವೂ ಪೂರ್ವದ ಕಡೆಗೇ ಬೊಟ್ಟು ಮಾಡುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಸುಮಾರು 2.7 ಕೋಟಿ, ಪೋಲೆಂಡಿನಲ್ಲಿ 60 ಲಕ್ಷದ ಆಸುಪಾಸು, ಅವರಲ್ಲಿ ಅರ್ಧದಷ್ಟು ಯಹೂದಿಗಳು. 1939ರ ಆಗಸ್ಟ್ 23ರಂದು ಸ್ಟಾಲಿನ್ ಮತ್ತು ಹಿಟ್ಲರರ ಸರ್ಕಾರಗಳು ಪೋಲೆಂಡನ್ನು ಗುಟ್ಟಾಗಿ ಹಂಚಿಕೊಂಡ ಒಪ್ಪಂದ ಇಲ್ಲದೆ ಸೆಪ್ಟೆಂಬರ್ 1ರ ದಾಳಿ ಅಷ್ಟು ನಿಶ್ಚಿಂತೆಯಿಂದ ನಡೆಯುತ್ತಿರಲಿಲ್ಲ. ಗಡಿ ಮತ್ತು ಜನಾಂಗಗಳನ್ನು ಒಂದಾಗಿಸುವ ಹಟ ಅಲ್ಲಿಗೇ ಮುಗಿಯಲಿಲ್ಲ. ಯುಗೊಸ್ಲಾವಿಯ ಒಡೆದಾಗ 1995ರ ಜುಲೈನಲ್ಲಿ, ವಿಶ್ವಸಂಸ್ಥೆ ಸುರಕ್ಷಿತ ವಲಯವೆಂದು ಸಾರಿದ್ದ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯನ್ ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಂದರು. ಶತಮಾನದ ಯುದ್ಧಗಳೆಂದು ಕಲಿಸುವಾಗ 1945ಕ್ಕೆ ಪಾಠ ನಿಲ್ಲಿಸುವುದು ಸರಿಯಲ್ಲ.

ಕಾವೇರಿತೀರ

ಹಾಸನದ ಮೇಡಂ ಅವರ ತರಗತಿಗೆ ಉಪಯೋಗವಾಗಬಹುದೆಂದು ನಮ್ಮ ಕಡೆಯ ಕೊಂಡಿಗಳನ್ನು ಸೇರಿಸುತ್ತೇನೆ. ಮೊದಲ ಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು, ಸುಮಾರು 74,000 ಜನ ಮರಳಲಿಲ್ಲ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳ ಪ್ಯಾಲೆಸ್ಟೈನಿನಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರೊಂದಿಗೆ ಈಟಿ ಕತ್ತಿಗಳನ್ನು ಹಿಡಿದು, ಮೆಷಿನ್‌ಗನ್‌ಗಳಿದ್ದ ಹೈಫಾ ಪಟ್ಟಣವನ್ನು ಅದು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅದೇ ವರ್ಷ ಹಡಗುಗಳಲ್ಲಿ ಮುಂಬಯಿಗೆ ಬಂದ ಇನ್‌ಫ್ಲುಯೆನ್ಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಯುದ್ಧದ ಸಾವುಗಳೆಂದು ಲೆಕ್ಕ ಹಾಕುವಾಗ ಇವರನ್ನು ಯಾರೂ ಸೇರಿಸುವುದಿಲ್ಲ.

ಎರಡನೆಯ ಯುದ್ಧಕ್ಕೆ ಭಾರತವನ್ನು ಸೇರಿಸುವಾಗ ವೈಸ್‌ರಾಯ್ ಲಿನ್ಲಿತ್‌ಗೋ ಇಲ್ಲಿಯ ಒಬ್ಬ ಚುನಾಯಿತ ಪ್ರತಿನಿಧಿಯನ್ನೂ ಕೇಳಲಿಲ್ಲ, ಅದನ್ನು ಪ್ರತಿಭಟಿಸಿ ಪ್ರಾಂತ್ಯಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾದದ್ದು ಯುದ್ಧದ ತುರ್ತಿನಲ್ಲಿಯೇ. ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಸುತ್ತಲ ಶಿಬಿರಗಳಲ್ಲಿ ಇಟ್ಟಿದ್ದರು.

ಶಿಕ್ಷಕಿ, ಹಾಸನ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಾಜಿ ಪಕ್ಷದ ಮತಗಳ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಏನು ಬದಲಾಯಿತು ಎಂದು ಮಕ್ಕಳಿಂದಲೇ ಹೇಳಿಸಬೇಕೆಂದಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ: 1919ರ ನಂತರ ಇಪ್ಪತ್ತು ವರ್ಷಕ್ಕೇ ಮುರಿದ ಶಾಂತಿ, 1945ರ ನಂತರ ಜರ್ಮನಿ ಮತ್ತು ಫ್ರಾನ್ಸ್‌ಗಳ ನಡುವೆ ಹೇಗೆ ಉಳಿಯಿತು?

ಲೆಕ್ಕದ ಪುಸ್ತಕ

ನನ್ನ ಮಟ್ಟಿಗೆ ಹಣದ ವಿಷಯದಲ್ಲಿ ತೆಗೆದುಕೊಂಡ ನಿರ್ಧಾರಗಳೇ ದೊಡ್ಡವು. 1948ರಿಂದ ಮಾರ್ಷಲ್ ಯೋಜನೆಯಡಿ ಅಮೆರಿಕ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು, ಅದರ ಬಹುಪಾಲು ಸಾಲವಾಗಿರದೆ ಅನುದಾನವಾಗಿತ್ತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಪ್ರಾಧಿಕಾರದ ಕೆಳಗೆ ತರುವ ಪ್ರಸ್ತಾಪವಿಟ್ಟರು. 1923ರಲ್ಲಿ ಸೈನ್ಯ ಕಳುಹಿಸಿ ವಶಪಡಿಸಿಕೊಳ್ಳಲು ಹೋದ ಅದೇ ರೂರ್ ಕಲ್ಲಿದ್ದಲು ಅದು. 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಹಳೆಯ ವಿದೇಶಿ ಸಾಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಕೆಲವು ಬಾಕಿಗಳನ್ನು ದೇಶ ಒಂದಾಗುವವರೆಗೆ ಮುಂದೂಡಿದರು. ಹೀಗೆ ಮುಂದೂಡಿದ ಬಡ್ಡಿಯ ಕೊನೆಯ ಕಂತು 2010ರ ಅಕ್ಟೋಬರ್‌ನಲ್ಲಿ ತೀರಿತು.

ಹಳೆಯ ನಕ್ಷೆ

ಹಣದ ಜೊತೆಗೆ ಇನ್ನೊಂದನ್ನೂ ಸೇರಿಸಬೇಕು. 1945ರಲ್ಲಿ ಸೋಲಿನ ಬಗ್ಗೆ ಯಾರಿಗೂ ಸಂಶಯಕ್ಕೆ ಎಡೆಯಿರಲಿಲ್ಲ. ಬರ್ಲಿನ್ನಿನ ಬೀದಿಗಳಲ್ಲಿ ಸೋವಿಯತ್ ಟ್ಯಾಂಕುಗಳಿದ್ದವು, ದೇಶವನ್ನು ನಾಲ್ಕು ವಲಯಗಳಾಗಿ ಹಂಚಿ ಗೆದ್ದವರೇ ಆಳಿದರು, ನ್ಯೂರೆಂಬರ್ಗ್‌ನಲ್ಲಿ ನಡೆದ ವಿಚಾರಣೆಯಲ್ಲಿ ನಾಜಿ ನಾಯಕರ ಅಪರಾಧಗಳನ್ನು ಅವರದೇ ದಾಖಲೆಗಳನ್ನು ಮುಂದಿಟ್ಟು ಸಾಬೀತುಪಡಿಸಿದರು. ಶರಣಾಗತಿಯ ಪತ್ರಗಳಿಗೂ ಈ ಬಾರಿ ಸೇನಾನಾಯಕರೇ ಸಹಿ ಮಾಡಬೇಕಾಯಿತು: ಮೇ 7ರಂದು ರೀಮ್ಸ್‌ನಲ್ಲಿ ಜನರಲ್ ಯೋಡ್ಲ್, ಮರುದಿನ ರಾತ್ರಿ ಬರ್ಲಿನ್ನಿನಲ್ಲಿ ಫೀಲ್ಡ್ ಮಾರ್ಷಲ್ ಕೈಟೆಲ್. ಬೆನ್ನಿಗೆ ಇರಿದರು ಎಂಬ ಕಥೆಯನ್ನು ಮತ್ತೆ ಹೇಳಲು ಯಾವ ಜನರಲ್‌ಗೂ ಅವಕಾಶ ಉಳಿಯಲಿಲ್ಲ.